ಕಾಂಪೊಸಿಟ್ ಪ್ರೊಪೆಲ್ಲರಿನ ಬಾಳಿಕೆ: ಒಂದು ವಿಮರ್ಶೆ

ಹವ್ಯಾಸಿಗಳು ತಮ್ಮ ಕೈಯಿಂದಲೇ ಕಟ್ಟಿ ಹಾರಿಸುವ ಸಣ್ಣ ವಿಮಾನಗಳು ಅಮೆರಿಕದಲ್ಲಿ ಇಂದು ಸಾವಿರಗಟ್ಟಲೆ ಇವೆ. 1953ರಲ್ಲಿ ಮಿಲ್ವಾಕಿ ನಗರದಲ್ಲಿ ಈ ಹವ್ಯಾಸಿಗಳ ಸಂಘವು ಸ್ಥಾಪಿತವಾದ ಕಾಲಕ್ಕೆ ಇಂತಹ ವಿಮಾನದ ಪ್ರೊಪೆಲ್ಲರು ಮರದ್ದು, ಇಲ್ಲವೆ ಲೋಹದ್ದು. ಇಂದು ಗಾಜಿನ ಅಥವಾ ಇಂಗಾಲದ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಪದರಪದರವಾಗಿ ಕೂರಿಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ ಕಾಂಪೊಸಿಟ್ ಅಲಗುಗಳು ಅನೇಕ ವಿಮಾನಗಳಲ್ಲಿ ಆ ಸ್ಥಾನಕ್ಕೆ ಬಂದಿವೆ. ಇವುಗಳನ್ನು ಕುರಿತು ಒಂದು ಅಭಿಪ್ರಾಯ ಬಳಕೆಯಲ್ಲಿದೆ: ಲೋಹಕ್ಕೆ ದಣಿವುಂಟು, ಕಾಂಪೊಸಿಟ್ಟಿಗೆ ದಣಿವಿಲ್ಲ, ಆದಕಾರಣ ಕಾಂಪೊಸಿಟ್ ಪ್ರೊಪೆಲ್ಲರು ವಿಮಾನವಿರುವಷ್ಟು ಕಾಲವೂ ಬಾಳುತ್ತದೆ. ಈ ಅಭಿಪ್ರಾಯದ ಬಲಾಬಲವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪೂರ್ವಪಕ್ಷದಲ್ಲಿ ಹುರುಳಿಲ್ಲದೆ ಇಲ್ಲ. ಒತ್ತಡವು ಮರಳಿ ಮರಳಿ ಬೀಳುವುದರಿಂದ ವಸ್ತುವು ಕ್ರಮೇಣ ಬಿರಿಯುವುದನ್ನು ದಣಿವು ಎನ್ನುತ್ತೇವೆ. ಇಂತಿಷ್ಟಕ್ಕಿಂತ ಕಡಿಮೆಯ ಒತ್ತಡವನ್ನು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುವ ಗುಣ ಸಾಮಾನ್ಯ ಉಕ್ಕಿನಲ್ಲಿ ಕಂಡುಬರುತ್ತದೆ. ಅಲ್ಯೂಮಿನಿಯಮಿಗೆ ಅಂತಹ ಮಿತಿ ಇಲ್ಲ. ಓಡುದಾರಿಯ ಕಲ್ಲು ತಗುಲಿ ಅಲಗಿನ ಅಂಚಿನಲ್ಲಿ ಬಿದ್ದ ಸಣ್ಣ ಕಚ್ಚೇ ಬಿರುಕಿಗೆ ಬೀಜವಾಗುತ್ತದೆ. ಎಂಜಿನಿನ ಕಂಪನವೂ ಲೋಹದ ಅಲಗಿಗೆ ಶತ್ರು. 180 ಅಶ್ವಶಕ್ತಿಯ ಕೆಲವು ಲೈಕಮಿಂಗ್ ಎಂಜಿನುಗಳನ್ನು ಲೋಹದ ಎರಡಲಗಿನ ಪ್ರೊಪೆಲ್ಲರಿನೊಡನೆ ನಿಮಿಷಕ್ಕೆ 2000ದಿಂದ 2250 ಸುತ್ತುಗಳ ನಡುವೆ ಎಡೆಬಿಡದೆ ಓಡಿಸಬಾರದೆಂಬ ನಿಷೇಧವಿರುವುದು ಇದರಿಂದಲೇ. ಕಾಂಪೊಸಿಟ್ ಅಲಗಾದರೋ ಕಂಪನವನ್ನು ತನ್ನಲ್ಲಿಯೇ ಅಡಗಿಸಿಕೊಳ್ಳುತ್ತದೆ. ಅದು ಹಗುರವೂ ಹೌದು. ಹಲ್ಲುಚಕ್ರಗಳ ಮೂಲಕ ಪ್ರೊಪೆಲ್ಲರನ್ನು ತಿರುಗಿಸುವ ರೋಟಾಕ್ಸ್ 912ರಂತಹ ಎಂಜಿನಿಗೆ ಭಾರವಾದ ಲೋಹದ ಪ್ರೊಪೆಲ್ಲರು ಒಗ್ಗುವುದಿಲ್ಲ. ಇಷ್ಟನ್ನು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ.

ಆದರೆ ವಾದದ ದೋಷ ಬೇರೆಡೆಯಲ್ಲಿದೆ. 'ದಣಿವಿಲ್ಲ' ಎಂಬ ಮಾತು ಎಳೆಯನ್ನು ಕುರಿತದ್ದು. ತೀರ್ಮಾನವಾದರೋ ಪ್ರೊಪೆಲ್ಲರನ್ನು ಕುರಿತದ್ದು. ಉದ್ದಕ್ಕೆ ಎಳೆದಾಗ ಇಂಗಾಲದ ಎಳೆ ದಣಿವನ್ನು ಬಹಳ ಚೆನ್ನಾಗಿ ತಡೆಯುತ್ತದೆಂಬುದು ನಿಜ. ಗಾಜಿನ ಎಳೆಗೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ. ಅದಿರಲಿ, ಎಳೆಯನ್ನು ಎಳೆಗೆ ಬಂಧಿಸುವುದು ರಾಳ; ಅಲಗನ್ನು ನಾಭಿಗೆ ಬಂಧಿಸುವುದು ಬುಡದ ಕೀಲು. ಸರಪಳಿಯ ಒಂದು ಕೊಂಡಿಯನ್ನು ಹೊಗಳಿ ಇಡೀ ಸರಪಳಿಯ ಗಟ್ಟಿತನವನ್ನು ಸಾಧಿಸಲಾಗದು.

ಬುಡದ ಮೇಲೆ ಬೀಳುವ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. 100 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನು ಗರಿಷ್ಠ ವೇಗದಲ್ಲಿ ನಿಮಿಷಕ್ಕೆ 5800 ಸುತ್ತು ತಿರುಗುತ್ತದೆ, 2.43ರ ಇಳಿಕೆಯಿಂದ ಪ್ರೊಪೆಲ್ಲರಿನ ಸುತ್ತು ಸುಮಾರು 2390 ಆಗುತ್ತದೆ. ವ್ಯಾಸ 1.7 ಮೀಟರೆಂದು ಇಟ್ಟುಕೊಂಡರೆ ಅಲಗಿನ ತುದಿ ಸೆಕೆಂಡಿಗೆ ಸುಮಾರು 212 ಮೀಟರ್ ವೇಗದಿಂದ ಸಾಗುತ್ತದೆ. ಆ ತುದಿಯಲ್ಲಿರುವ ಒಂದು ಗ್ರಾಂ ವಸ್ತು ಐದು ಕಿಲೋಗ್ರಾಮಿಗೂ ಮಿಗಿಲಾದ ತೂಕದಂತೆ ಹೊರಕ್ಕೆ ಜಗ್ಗುತ್ತದೆ. ಅಲಗಿನ ತೂಕ ಒಂದು ಕಿಲೋಗ್ರಾಂ, ಅದರ ಭಾರಕೇಂದ್ರ ನಾಭಿಯಿಂದ 35 ಸೆಂಟಿಮೀಟರ್ ದೂರ ಎಂದಾದರೆ, ಬುಡವು ಹೊರಬೇಕಾದ ಸೆಳೆತ ಎರಡು ಟನ್ನುಗಳನ್ನು ಮೀರುತ್ತದೆ.

ಈ ಸೆಳೆತವನ್ನು ತಡೆಯುವುದು ಅನೇಕ ವಿನ್ಯಾಸಗಳಲ್ಲಿ ಲೋಹದ ತೋಳಿಗೂ ಕಾಂಪೊಸಿಟ್ ಬುಡಕ್ಕೂ ನಡುವಣ ಅಂಟು. ಎರಡು ವಸ್ತುಗಳ ಸ್ವಭಾವ ಒಂದೇ ಅಲ್ಲ. ಬಿಸಿಯಾದಾಗ ಅಲ್ಯೂಮಿನಿಯಮು ಹಿಗ್ಗುತ್ತದೆ. ಇಂಗಾಲದ ಎಳೆ ತನ್ನ ಉದ್ದಕ್ಕೆ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ತೇವ ಸೇರಿದರೆ ಇಂಗಾಲದ ಸಂಪರ್ಕದಿಂದ ಅಲ್ಯೂಮಿನಿಯಮು ಸವೆಯುತ್ತದೆ. ಈ ವ್ಯಾಪಾರವೆಲ್ಲ ನಡೆಯುವುದು ಕಣ್ಣಿಗೆ ಕಾಣದ ಎಡೆಯಲ್ಲಿ. ಬಿಸಿಲಿನ ನೇರಳಾತೀತ ಕಿರಣವೂ ತೇವವೂ ಶಾಖವೂ ರಾಳವನ್ನು ಮೆತ್ತಗೆ ದುರ್ಬಲಗೊಳಿಸುತ್ತವೆ. ಬರ್ಟ್ ರುಟಾನರ ಲಾಂಗ್-ಈಜಿಯಂತೆ ಪ್ರೊಪೆಲ್ಲರು ಹಿಂಭಾಗದಲ್ಲಿರುವ ವಿಮಾನಗಳಲ್ಲಿ ಎಂಜಿನಿನ ಬಿಸಿ ಹೊಗೆಯೂ ಗಾಲಿಗಳು ಎಬ್ಬಿಸಿದ ಕಲ್ಲೂ ಅಲಗಿಗೇ ಬಂದು ತಾಗುತ್ತವೆ.

ಹೊರಮೈಯಲ್ಲಿ ಕಾಂಪೊಸಿಟ್ಟಿನ ಇನ್ನೊಂದು ಲಕ್ಷಣ ಗಮನಾರ್ಹ. ಲೋಹವು ತನ್ನ ಗಾಯವನ್ನು ತೋರಿಸುತ್ತದೆ. ಕಚ್ಚನ್ನು ಅರದಿಂದ ಉಜ್ಜಿ ನಯಮಾಡಬಹುದು. ಕಾಂಪೊಸಿಟ್ಟು ಪೆಟ್ಟು ತಿಂದರೂ ಮೇಲೆ ನುಣುಪಾಗಿಯೇ ಉಳಿದು ಒಳಗೆ ಪದರ ಬಿಟ್ಟಿರಬಹುದು. ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಅಲಗನ್ನು ನಾಣ್ಯದಿಂದ ತಟ್ಟಿ, ಸದ್ದು ಎಲ್ಲಿ ಮಂಕಾಗುತ್ತದೆಂದು ಕೇಳುವ ಪದ್ಧತಿಯುಂಟು. ಉಪಯುಕ್ತವಾದ ಪದ್ಧತಿಯೇ, ಆದರೆ ಲೋಹದ ತೋಳಿನೊಳಗಣ ಅಂಟಿನ ಸ್ಥಿತಿಯನ್ನು ಅದು ತಿಳಿಸಲಾರದು.

ಹೀಗಿರುವಲ್ಲಿ ಪರೀಕ್ಷೆಯ ಕ್ರಮವೇನು? ಅಮೆರಿಕದ ವಿಮಾನಯಾನ ನಿಯಮಗಳ ಪ್ರಕಾರ ಪ್ರಮಾಣೀಕೃತ ಪ್ರೊಪೆಲ್ಲರಿನ ನಾಭಿಯೂ ಅಲಗನ್ನು ಹಿಡಿದಿಡುವ ಭಾಗವೂ ಗರಿಷ್ಠ ಸೆಳೆತದ ಎರಡರಷ್ಟನ್ನು ಒಂದು ಗಂಟೆ ಕಾಲ ತಡೆದುಕೊಳ್ಳಬೇಕು. ಕಾಂಪೊಸಿಟ್ ಅಲಗು ಲೋಹವನ್ನು ಕೂಡುವ ಸಂಧಿಗೂ ಪರೀಕ್ಷೆ ವಿಧಿಸಿರುವುದು ನಮ್ಮ ಅಭಿಪ್ರಾಯಕ್ಕೆ ಪೋಷಕವಾಗಿದೆ. ಸ್ವಹಸ್ತದಿಂದ ಕಟ್ಟಿದ ವಿಮಾನಕ್ಕಾದರೋ ಪ್ರಮಾಣಪತ್ರವಿಲ್ಲದ ಪ್ರೊಪೆಲ್ಲರನ್ನೂ ಜೋಡಿಸಬಹುದು. ಅಂತಹವುಗಳಿಗೆ ಬಹುಕಾಲದಿಂದ ವಿಧಿಸುತ್ತ ಬಂದಿರುವುದು 40 ಗಂಟೆಗಳ ಪರೀಕ್ಷಾ ಹಾರಾಟ. ಮೇಲೆ ಹೇಳಿದ ವೇಗದಲ್ಲಿ 40 ಗಂಟೆಗಳೆಂದರೆ ಸುಮಾರು 57 ಲಕ್ಷ ಸುತ್ತು. ಕಂಪನದ ದೋಷವಿದ್ದರೆ ಅಷ್ಟರಲ್ಲಿ ತಲೆದೋರುವ ಸಂಭವವುಂಟು. ಆದರೆ ಈ 40 ಗಂಟೆಗಳು ಕೆಲವೇ ತಿಂಗಳಲ್ಲಿ ಮುಗಿಯಬಹುದು. ಹತ್ತು ಮಳೆಗಾಲ, ಹತ್ತು ಬೇಸಗೆ ಕಳೆದ ಅಂಟು ಹೇಗಿರುವುದೆಂಬುದಕ್ಕೆ ಅವು ಸಾಕ್ಷಿಯಾಗಲಾರವು. ವರ್ಷದಲ್ಲಿ ಕೆಲವೇ ಗಂಟೆ ಹಾರಿ ಉಳಿದ ಕಾಲ ನಿಂತೇ ಇರುವ ವಿಮಾನಕ್ಕೆ ಗಂಟೆಗಳ ಲೆಕ್ಕವೊಂದೇ ಬಾಳಿಕೆಯ ಅಳತೆಯಾಗದು.

ಇದು ಪಂಡಿತರ ಜಿಜ್ಞಾಸೆಗೆ ಮಾತ್ರ ಸೇರಿದ ವಿಷಯವಲ್ಲ. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮೈಯರಿನಲ್ಲಿ ಆರ್ವಿಲ್ ರೈಟರ ವಿಮಾನದ ಮರದ ಪ್ರೊಪೆಲ್ಲರು ಸೀಳಿತು. ಕಂಪನದಿಂದ ಅಲಗು ಚುಕ್ಕಾಣಿಯ ತಂತಿಗೆ ತಗುಲಿ ವಿಮಾನ ಬಿದ್ದಿತು. ಜತೆಯಲ್ಲಿದ್ದ ಲೆಫ್ಟಿನೆಂಟ್ ಸೆಲ್‌ಫ್ರಿಜ್ ಎಂಜಿನುಳ್ಳ ವಿಮಾನದ ಅಪಘಾತಕ್ಕೆ ಮೊದಲ ಬಲಿಯಾದರು. 1986ರಲ್ಲಿ ನಿಲುಗಡೆಯಿಲ್ಲದೆ ಭೂಪ್ರದಕ್ಷಿಣೆ ಮಾಡಿದ ವಾಯೇಜರ್ ವಿಮಾನವೂ ಅದಕ್ಕೆ ಕೆಲವು ತಿಂಗಳ ಮೊದಲು, ಪರೀಕ್ಷಾ ಹಾರಾಟದಲ್ಲಿ, ಒಂದು ಅಲಗನ್ನು ಕಳೆದುಕೊಂಡಿತ್ತು. ಇಂಗಾಲದ ಎಳೆಯಿಂದಲೇ ಕಟ್ಟಿದ ಆ ವಿಮಾನ ಡಿಸೆಂಬರಿನಲ್ಲಿ ಲೋಕವನ್ನು ಸುತ್ತಿದ್ದು ಅಲ್ಯೂಮಿನಿಯಮ್ ಪ್ರೊಪೆಲ್ಲರುಗಳಿಂದ. ಇದರಿಂದ ಕಾಂಪೊಸಿಟ್ಟು ಹೀನವೆಂದು ನಾವು ಹೇಳಹೊರಟಿಲ್ಲ. ರೆಕ್ಕೆಗೆ ಒಪ್ಪಿದ ಪ್ರಮಾಣವನ್ನು ಪ್ರೊಪೆಲ್ಲರಿಗೆ ಹಾಗೆಯೇ ವರ್ಗಾಯಿಸಲಾಗದು ಎಂಬುದಷ್ಟೇ ನಮ್ಮ ವಾದ.

ಒಟ್ಟಿನಲ್ಲಿ, ಬಾಳಿಕೆಯೆಂಬ ಒಂದೇ ಮಾತಿನಲ್ಲಿ ಮೂರು ಆಯುಸ್ಸುಗಳು ಅಡಗಿವೆ: ಸುತ್ತುಗಳ ಆಯುಸ್ಸು, ವರ್ಷಗಳ ಆಯುಸ್ಸು, ಪೆಟ್ಟುಗಳ ಆಯುಸ್ಸು. ಮೊದಲನೆಯದರಲ್ಲಿ ಕಾಂಪೊಸಿಟ್ಟಿನ ಹಿರಿಮೆ ನಿರ್ವಿವಾದ. ಉಳಿದೆರಡರಲ್ಲಿ ಅದನ್ನು ಪ್ರತಿಯೊಂದು ಅಲಗಿನ ವಿಷಯದಲ್ಲಿಯೂ ಬೇರೆಯಾಗಿ ಸ್ಥಾಪಿಸಬೇಕು. ಅಲಗು ತಯಾರಾದ ವರ್ಷ, ನಿಂತ ಜಾಗ, ತಗುಲಿದ ಪೆಟ್ಟು, ಬುಡವನ್ನು ಬಿಚ್ಚಿ ನೋಡಿದ ದಿನ—ಇಷ್ಟನ್ನು ಹಾರಾಟದ ಗಂಟೆಗಳ ಪಕ್ಕದಲ್ಲಿಯೇ ಬರೆದಿಡುವ ಹವ್ಯಾಸಿಗೆ ತನ್ನ ಪ್ರೊಪೆಲ್ಲರಿನ ವಯಸ್ಸು ತಿಳಿದಿರುತ್ತದೆ. 'ದಣಿವಿಲ್ಲ' ಎಂಬ ಮಾತನ್ನೇ ನಂಬಿ ಬುಡವನ್ನು ಬಿಚ್ಚಿ ನೋಡದವನಿಗೆ ಅದು ತಿಳಿಯುವ ದಾರಿಯಿಲ್ಲ.