ಕಾನೂನಿನ ಕಣ್ಣಲ್ಲಿ ‘ಮಅಝೂರ್’

ಉರ್ದುವಿನಲ್ಲಿ ಅಂಗವಿಕಲನನ್ನು ‘ಮಅಝೂರ್’ ಎನ್ನುತ್ತೇವೆ. ‘ಉಝ್ರ್’ ಎಂದರೆ ಕಾರಣ, ನೆಪ. ಮಅಝೂರ್ ಎಂದರೆ ತಕ್ಕ ಕಾರಣವಿದ್ದು ವಿನಾಯಿತಿ ಪಡೆದವನು. ಪದದಲ್ಲಿ ಕರುಣೆಯಿದೆ, ನಿಜ. ಆದರೆ ಮತದಾನದ ಮಾತು ಬಂದಾಗ ಈ ಕರುಣೆಯೇ ಕುತ್ತಾಗುತ್ತದೆ. ‘ಪಾಪ, ಅವನೇಕೆ ಬರಬೇಕು, ಬಿಡಿ’ ಎಂದು ಊರು ಹೇಳಿದ ದಿನ ಅವನ ಮತವೂ ಹೋಯಿತು. ನಮ್ಮ ಚುನಾವಣಾ ಕಾನೂನು ಅವನನ್ನು ಪ್ರಜೆಯೆಂದು ಕಾಣುತ್ತದೆಯೋ, ಮಅಝೂರ್ ಎಂದೋ?

ಸಂವಿಧಾನದ 326ನೆಯ ವಿಧಿ ವಯಸ್ಕರಿಗೆಲ್ಲ ಮತದ ಹಕ್ಕು ಕೊಟ್ಟಿತು. ಮತಗಟ್ಟೆಯ ಮೆಟ್ಟಿಲುಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಜಾವೇದ್ ಆಬಿದಿ ಮತ್ತು ಅವರ ಸಂಗಡಿಗರು 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸುಪ್ರೀಂ ಕೋರ್ಟಿನ ಮೊರೆ ಹೋದ ಮೇಲೆಯೇ ಇಳಿಜಾರು ಹಾಕಿಸಬೇಕೆಂಬ ಆದೇಶ ಬಂತು. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳೂ ಬಂದವು. 2018ರಲ್ಲಿ ತೀರಿಕೊಂಡ ಆಬಿದಿಯವರು ಬೇಡಿದ್ದು ದಯೆಯನ್ನಲ್ಲ, ದಾರಿಯನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 11ನೆಯ ಕಲಂ ಇದನ್ನು ಕೇಂದ್ರ ಮತ್ತು ರಾಜ್ಯ ಚುನಾವಣಾ ಆಯೋಗಗಳೆರಡರ ಹೊಣೆಯಾಗಿಸಿದೆ. ಅಂದರೆ ಗ್ರಾಮ ಪಂಚಾಯತಿ ಚುನಾವಣೆಗೂ ಇದು ಅನ್ವಯ.

ಇನ್ನು ಗುಪ್ತ ಮತದಾನದ ವಿಚಾರ. 1961ರ ಚುನಾವಣಾ ನಿಯಮಗಳ ಪ್ರಕಾರ ಅಂಧ ಮತದಾರ 18 ತುಂಬಿದ ಜೊತೆಗಾರನನ್ನು ಕರೆದೊಯ್ಯಬಹುದು. ಜೊತೆಗಾರ ಗುಟ್ಟು ಕಾಯುವುದಾಗಿ ಬರೆದುಕೊಡಬೇಕು. ಒಂದೇ ದಿನ ಇಬ್ಬರಿಗೆ ಜೊತೆಯಾಗುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಕಣ್ಣಿದ್ದವನ ಗುಟ್ಟು ಅವನ ಕೈಯಲ್ಲೇ ಇರುತ್ತದೆ, ಕಣ್ಣಿಲ್ಲದವನ ಗುಟ್ಟು ಇನ್ನೊಬ್ಬನ ಬಾಯಿಯ ಮೇಲೆ ನಿಂತಿರುತ್ತದೆ. ಬ್ರೈಲ್ ಬಲ್ಲವನು ತಾನೇ ಗುಂಡಿ ಒತ್ತಬಲ್ಲ. ಆದರೆ ಒತ್ತಿದ ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಮರೆಯಾಗುತ್ತದೆ. ಕಾಣದವನಿಗೆ ಆ ಏಳು ಸೆಕೆಂಡುಗಳಿಂದ ಏನು ಪ್ರಯೋಜನ?

ಎಲ್ಲಕ್ಕಿಂತ ಕಠಿಣವಾದದ್ದು 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 16ನೆಯ ಕಲಂ. ಚಿತ್ತಸ್ವಾಸ್ಥ್ಯವಿಲ್ಲವೆಂದು ಸಕ್ಷಮ ನ್ಯಾಯಾಲಯ ಘೋಷಿಸಿದವನಿಗೆ ಮತದಾರರ ಪಟ್ಟಿಯಲ್ಲಿ ಜಾಗವಿಲ್ಲ. ಅಳತೆಗೋಲು ಯಾವುದೆಂದು ಕಲಂ ಹೇಳುವುದಿಲ್ಲ. ಹಣ, ಹೆಂಡ, ಸೀರೆ ಪಡೆದು ಮತ ಹಾಕುವವನ ವಿವೇಕವನ್ನು ಯಾವ ನ್ಯಾಯಾಲಯವೂ ಪರೀಕ್ಷಿಸುವುದಿಲ್ಲ. ಜಾತಿ ನೋಡಿ, ಧರ್ಮ ನೋಡಿ ಗುಂಡಿ ಒತ್ತುವವನನ್ನೂ ಸ್ವಸ್ಥನೆಂದೇ ನಂಬುತ್ತೇವೆ. ಹಾಗಿರುವಾಗ ವಿವೇಕದ ಪರೀಕ್ಷೆ ಒಬ್ಬನಿಗೆ ಮಾತ್ರ ಏಕೆ? ಆದರೂ ಓದುಗರು ಒಂದನ್ನು ನೆನಪಿಡಬೇಕು: ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರೂ ಚಿತ್ತಸ್ವಾಸ್ಥ್ಯ ಕಳೆದುಕೊಂಡವರಾಗುವುದಿಲ್ಲವೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ವೈದ್ಯರ ಚೀಟಿಯಾಗಲಿ, ನೆರೆಯವರ ಮಾತಾಗಲಿ, ಮನೆಯವರ ನಾಚಿಕೆಯಾಗಲಿ ಹೆಸರು ತೆಗೆಸಲು ಸಾಲದು. 2019ರಲ್ಲಿ ಚೆನ್ನೈನ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ನಿವಾಸಿಗಳು ಅಲ್ಲೇ ತೆರೆದ ಮತಗಟ್ಟೆಯಲ್ಲಿ ಮತ ಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲೂ ಮನೆಯಿಂದಲೇ ಮತ ಹಾಕುವ ಸೌಲಭ್ಯ ಬಂತು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಇದಕ್ಕೆ ಅರ್ಜಿ ಹಾಕಬಹುದು. ಹಾಸಿಗೆ ಹಿಡಿದವರಿಗೆ ಇದು ವರವೇ ಸರಿ. ಆದರೆ ಮಂಚದ ಸುತ್ತ ಮನೆಮಂದಿಯೆಲ್ಲ ನಿಂತಿರುವಾಗ ಗುಟ್ಟು ಉಳಿಯುವುದೆಂತು? ಇನ್ನೊಂದು ಅಪಾಯವೂ ಇದೆ. ‘ಹೇಗೂ ಮನೆಗೇ ಬರುತ್ತಾರಲ್ಲ’ ಎಂದು ಶಾಲೆಯ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯಬಹುದು. ಮನೆಯೋ ಮತಗಟ್ಟೆಯೋ ಎಂಬುದನ್ನು ಮತದಾರನೇ ತೀರ್ಮಾನಿಸಬೇಕು. ಅವನ ಮಗನಾಗಲಿ, ಊರಿನ ಪುಢಾರಿಯಾಗಲಿ ಅಲ್ಲ.

ಸರದಿಯಲ್ಲಿ ನಿಲ್ಲುವುದೂ ಪೌರತ್ವದ ಒಂದು ಭಾಗ. ಅಲ್ಲಿ ಸಾಹುಕಾರನ ಹಿಂದೆ ಕೂಲಿಯವ, ಕೂಲಿಯವನ ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಆ ಸಾಲಿನಲ್ಲಿ ಗಾಲಿಕುರ್ಚಿಯೂ ಊರಿನ ಕಣ್ಣಿಗೆ ಬೀಳಬೇಕು. ಹಾಗೆ ಬಿದ್ದರೆ ಮಾತ್ರ ಓಟು ಕೇಳಲು ಬರುವವರಿಗೆ ಅವನ ಮನೆಯ ವಿಳಾಸ ನೆನಪಾಗುತ್ತದೆ.