ಯಂತ್ರದ ಸುದ್ದಿ ಇದೆ, ಪಾಠದ ಸುದ್ದಿ ಎಲ್ಲಿ?

ಶಿಕ್ಷಣ ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರುವ ಬರಹದ ಹೆಚ್ಚಿನ ಪಾಲು ಎರಡು ಬಗೆಯದು. ಒಂದು, ಉದ್ಘಾಟನೆಯ ವರದಿ. ಇಂಥ ಊರಿನ ಸರ್ಕಾರಿ ಪ್ರೌಢಶಾಲೆಗೆ ಸ್ಮಾರ್ಟ್ ಕ್ಲಾಸ್ ಬಂತು, ದಾನಿಗಳು ಇಂಥವರು, ವೆಚ್ಚ ಇಷ್ಟು, ವೇದಿಕೆಯ ಮೇಲಿದ್ದ ಗಣ್ಯರು ಇವರು. ಇನ್ನೊಂದು, ಅಂಕಣಗಳ ಭವಿಷ್ಯವಾಣಿ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಮೇಷ್ಟ್ರೇ ಬೇಕಾಗುವುದಿಲ್ಲ ಎಂದೋ, ಮೊಬೈಲಿನಿಂದ ಮಕ್ಕಳು ಕೆಟ್ಟೇಹೋದರು ಎಂದೋ ಅದು ಹೇಳುತ್ತದೆ. ಎರಡರಲ್ಲೂ ಪಾಠ ಇರುವುದಿಲ್ಲ. ಏಳನೇ ತರಗತಿಯ ಭಿನ್ನರಾಶಿ ಆ ಪರದೆಯ ಮೇಲೆ ಬಂದಾಗ ಯಾವ ಮಗುವಿಗೆ ಏನು ತಿಳಿಯಿತು, ಯಾರು ಎಲ್ಲಿ ತಡವರಿಸಿದರು, ಅದೇ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿದ್ದರೆ ಏನಾಗುತ್ತಿತ್ತು ಎಂದು ಹೇಳುವ ಲೇಖನ ಬೇಕೆಂದರೆ ಹುಡುಕಿಕೊಂಡು ಹೋಗಬೇಕು.

ಈ ವಿಷಯದಲ್ಲಿ ಹೊಸದಾಗಿ ಬರೆಯಹೊರಟವರು, ಅದರಲ್ಲೂ ಶಿಕ್ಷಕರು, ಈಗ ಅನೇಕರಿದ್ದಾರೆ. ಅವರ ಕಣ್ಣೆದುರು ಇರುವ ಮಾದರಿಗಳು ಇವೆರಡೇ ಎಂಬುದು ನನಗೆ ನಿಜಕ್ಕೂ ಕಳವಳದ ಸಂಗತಿ. ಏಕೆಂದರೆ ನಮ್ಮ ನೆಲದಲ್ಲೇ, ಅರ್ಧ ಶತಮಾನದ ಹಿಂದೆ, ಬೇರೊಂದು ಮೇಲ್ಪಂಕ್ತಿ ಇತ್ತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಆ ಮೇಲ್ಪಂಕ್ತಿ. ವಿಕ್ರಮ್ ಸಾರಾಭಾಯಿ ಅವರ ಕಾಲದಲ್ಲಿ, 1969ರಲ್ಲಿ, ನಾಸಾ ಜೊತೆ ಆದ ಒಪ್ಪಂದದ ಫಲ ಅದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ಕಡೆಗೆ ಸರಿಸಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ; ರಾಜಧಾನಿಯವರು ತಮ್ಮ ಊರಿನ ಪ್ರಸಾರ ನೋಡುವ ಎಷ್ಟೋ ಮೊದಲು ಹೈದರಾಬಾದ್ ಕರ್ನಾಟಕದ ಹಳ್ಳಿಯ ಶಾಲೆಯ ಅಂಗಳದಲ್ಲಿ ತಂತಿಬಲೆಯ ದೊಡ್ಡ ಆಂಟೆನಾ ನಿಂತಿತ್ತು. ಆ ಭಾಗಕ್ಕೆ ಏನೇ ಬಂದರೂ ಕೊನೆಯಲ್ಲಿ ಬರುತ್ತದೆ ಎನ್ನುವ ನಮ್ಮ ಮಾಮೂಲಿ ಅನುಭವಕ್ಕೆ ಇದೊಂದು ಅಪವಾದ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯದು ಊರಿನ ಹಿರಿಯರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಹಂಚಿಕೊಳ್ಳಬೇಕಿತ್ತು. ಕನ್ನಡದ ಮಗುವಿಗೆ ಸಿಕ್ಕಿದ್ದು 22.5 ನಿಮಿಷ. ಕನ್ನಡ ಕಾರ್ಯಕ್ರಮಗಳಿಗೆಂದು ಗೊತ್ತುಮಾಡಿದ್ದ ತಯಾರಿಕಾ ಕೇಂದ್ರ ಹೈದರಾಬಾದಿನದು. ಇವಿಷ್ಟನ್ನೇ ಹಿಡಿದು ಕೇಳಬಹುದಾದ ಪ್ರಶ್ನೆಗಳು ಎಷ್ಟಿವೆ ನೋಡಿ. ಸೇಡಂ ಕಡೆಯ ಮಗುವಿಗೆ ಆ ಕನ್ನಡ ತನ್ನದೆನಿಸಿತೆ? ಅರ್ಥವಾಗದಿದ್ದರೆ ಕೈಯೆತ್ತಿ ಕೇಳಲು ಎದುರಿಗೆ ಯಾರೂ ಇಲ್ಲ. ಪ್ರಸಾರ ಮುಗಿದ ಮೇಲೆ ಶಾಲೆಯ ಗುರುಗಳು ಅದನ್ನು ಮುಂದುವರಿಸುತ್ತಿದ್ದರೆ, ಇಲ್ಲಾ ಟಿವಿ ಆರಿಸಿ ತಮ್ಮ ಪಾಠಕ್ಕೆ ಹೋಗುತ್ತಿದ್ದರೆ?

ಸೈಟ್‌ನ ಹಿರಿಮೆ ಇರುವುದು ಉಪಗ್ರಹದಲ್ಲಿ ಎಂದು ಎಲ್ಲರೂ ಬರೆದಿದ್ದಾರೆ. ನನ್ನ ಮಟ್ಟಿಗೆ ಅದು ಇರುವುದು ಇಂಥ ಪ್ರಶ್ನೆಗಳನ್ನು ಯೋಜನೆ ನಡೆಸಿದವರೇ ಕೇಳಿಕೊಂಡದ್ದರಲ್ಲಿ. ಇಸ್ರೊ ತನ್ನೊಳಗೆ ಸಮಾಜವಿಜ್ಞಾನಿಗಳ ತಂಡವನ್ನೇ ಕಟ್ಟಿತ್ತು. ಪ್ರಯೋಗಕ್ಕೆ ಮುಂಚೆ, ನಡುವೆ, ಮುಗಿದ ಬಳಿಕ ಸಮೀಕ್ಷೆಗಳಾದವು. ಟಿವಿ ಬರುವ ಊರು, ಬರದ ಊರು ಎರಡನ್ನೂ ಹೋಲಿಸಿದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ವಾಸವಿದ್ದು ಕಂಡದ್ದನ್ನು ಬರೆದಿಟ್ಟರು. ಬಂದ ಫಲಿತಾಂಶವನ್ನೂ ಬಣ್ಣ ಹಚ್ಚದೆ ಹೇಳಿದರು: ಮಕ್ಕಳ ಭಾಷೆಯಲ್ಲಿ, ಪಠ್ಯಪುಸ್ತಕದಾಚೆ ತಿಳಿದುಕೊಳ್ಳುವ ಆಸಕ್ತಿಯಲ್ಲಿ ಒಳ್ಳೆಯ ಬದಲಾವಣೆ ಕಂಡಿತು, ಶಾಲೆಗೆ ಸೇರುವವರ ಸಂಖ್ಯೆಯ ಮೇಲೆ, ನಡುವೆ ಬಿಡುವವರ ಸಂಖ್ಯೆಯ ಮೇಲೆ ಟಿವಿಯ ಪರಿಣಾಮ ಕಾಣಲಿಲ್ಲ. ತಾವೇ ತಂದ ಯಂತ್ರ ಏನನ್ನು ಮಾಡಲಿಲ್ಲ ಎಂದು ಹೇಳುವ ಈ ಧೈರ್ಯ ಮುಂದಿನ ಯೋಜನೆಗಳಲ್ಲಿ ಅಪರೂಪವಾಯಿತು.

ವರ್ಷ ತುಂಬಿತು, ಉಪಗ್ರಹ ಹಿಂದಕ್ಕೆ ಹೋಯಿತು. ಕಲಬುರಗಿಗೆ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು, ಪ್ರಯೋಗದ ಮುಂದುವರಿಕೆಯಾಗಿ. ಆದರೆ ಆ ಹಳ್ಳಿಗಳ ಶಾಲೆಗಳಲ್ಲಿ ಕೂತು ನೋಡಿದ್ದ ಮಕ್ಕಳ, ತೋರಿಸಿದ್ದ ಶಿಕ್ಷಕರ ಅನುಭವವನ್ನು ಕೇಂದ್ರವಾಗಿಟ್ಟ ಬರಹ ಕನ್ನಡದಲ್ಲಿ ನನ್ನ ಓದಿಗೆ ಸಿಕ್ಕಿಲ್ಲ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತಾಗಿದೆ. ಅವರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಆ ಜಿಲ್ಲೆಗಳ ಯಾವ ಶಿಕ್ಷಕರಾದರೂ ಇದೇ ವರ್ಷ ಕೈಗೆತ್ತಿಕೊಳ್ಳಬಹುದಾದ ಕೆಲಸ ಇದು.

ನಂತರದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಮೇಲೇರಿತು. ಬರೀ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಹಾರಿದ ದಿನ ಮುಖಪುಟದ ಸುದ್ದಿ. ಚಾಮರಾಜನಗರದ ಆ ಶಾಲೆಗಳಲ್ಲಿ ಆರು ವರ್ಷಗಳಲ್ಲಿ ಏನು ನಡೆಯಿತು ಎಂಬುದು ಮುಖಪುಟಕ್ಕೆ ಬರಲಿಲ್ಲ. ನಂತರ ಕಂಪ್ಯೂಟರ್ ಕೊಠಡಿಗಳು ಬಂದವು, ಸಿಡಿಗಳು ಬಂದವು, ಟ್ಯಾಬ್ ಬಂತು, ದೀಕ್ಷಾ ಆ್ಯಪ್ ಬಂತು. ಪ್ರತಿ ಸಲವೂ ಸುದ್ದಿಯ ಧಾಟಿ ಅದೇ.

ಇದರ ನಡುವೆ ಒಂದು ಪ್ರಾಮಾಣಿಕ ಬರಹ ನೆನಪಾಗುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ದ ದಶಕದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿಡಿಗಳನ್ನು ಮಾಡಿಸಿ, ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಗೆ ವರ್ಷಗಟ್ಟಲೆ ದುಡಿಯಿತು. 2010ರಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ ಪತ್ರಿಕಾ ಅಂಕಣವೊಂದರಲ್ಲಿ ಆ ದುಡಿಮೆಯ ಮಿತಿಗಳನ್ನು ತಾವೇ ಬಿಚ್ಚಿಟ್ಟರು. ಶಾಲೆಯ ನಿಜವಾದ ತೊಡಕುಗಳಿಗೆ ಕಂಪ್ಯೂಟರ್ ಪರಿಹಾರವಲ್ಲ, ಬದಲಾಗಿ ಅವುಗಳಿಂದ ನಮ್ಮ ಗಮನವನ್ನೇ ಅದು ಬೇರೆಡೆಗೆ ಸೆಳೆಯುತ್ತದೆ ಎಂಬುದು ಅವರ ವಾದದ ತಿರುಳು. ಕಂಪ್ಯೂಟರ್ ಉದ್ಯಮದಿಂದಲೇ ಹುಟ್ಟಿದ ಸಂಪತ್ತಿನ ಸಂಸ್ಥೆಯೊಂದು ಹೀಗೆ ಬರೆದದ್ದು ಸಣ್ಣ ಮಾತಲ್ಲ. ಆ ಅಂಕಣ ಬಂದದ್ದು ಇಂಗ್ಲಿಷಿನಲ್ಲಿ. ಆ ಸಿಡಿಗಳನ್ನು ತರಗತಿಯಲ್ಲಿ ಹಾಕಿ ತೋರಿಸಿದ್ದ ಕನ್ನಡ ಶಾಲೆಯ ಶಿಕ್ಷಕರ ಕಡೆಯ ಮಾತು ಅಷ್ಟೇ ದೊಡ್ಡದಾಗಿ ಕನ್ನಡದಲ್ಲಿ ಕೇಳಿಬರಬೇಕಿತ್ತು.

ಹಾಗೆಂದು ಯಂತ್ರ ಬಂದಲ್ಲೆಲ್ಲ ಸೋಲು ಎಂದು ತೀರ್ಮಾನಿಸುವವರ ಜೊತೆಗೂ ನಾನಿಲ್ಲ. ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳ ಅಧ್ಯಯನ 2012ರಲ್ಲಿ ಹೊರಬಂದಾಗ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಏನೂ ಲಾಭ ಕಾಣಲಿಲ್ಲ. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶದ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತವರ ಸಹೋದ್ಯೋಗಿಗಳು ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲೂ ಹಿಂದಿಯಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಒಂದು ಸೋಲು, ಒಂದು ಗೆಲುವು ಎಂದು ಬರೆದು ಮುಗಿಸುವುದು ಸುಲಭ. ವಿಮರ್ಶಕರು ನೋಡಬೇಕಾದ ಜಾಗ ಅದರ ಒಳಗಿದೆ. ಪೆರುವಿನಲ್ಲಿ ಯಂತ್ರ ಕೊಟ್ಟರು, ಅದರಿಂದ ಯಾವ ಪಾಠವನ್ನು ಹೇಗೆ ಮಾಡಬೇಕು ಎಂಬುದನ್ನು ಹೆಚ್ಚುಕಡಿಮೆ ಶಾಲೆಗೇ ಬಿಟ್ಟರು. ದೆಹಲಿಯಲ್ಲಿ ತಂತ್ರಾಂಶ ಮೊದಲು ಮಗು ಎಲ್ಲಿದೆ ಎಂದು ಪರೀಕ್ಷಿಸುತ್ತಿತ್ತು. ಆರನೇ ತರಗತಿಯ ಮಗುವಿಗೆ ಮೂರನೆಯದರ ಲೆಕ್ಕ ಬಾರದಿದ್ದರೆ ಅಲ್ಲಿಂದಲೇ ಶುರುಮಾಡುತ್ತಿತ್ತು. ಅಷ್ಟೇ ಅಲ್ಲ, ದಿನದ ಒಂದೂವರೆ ಗಂಟೆಯಲ್ಲಿ ಅರ್ಧ ಹೊತ್ತು ಕಂಪ್ಯೂಟರಿನದು, ಉಳಿದರ್ಧ ಸಣ್ಣ ಗುಂಪಿಗೆ ಬೋಧಕರೊಬ್ಬರು ಮಾಡುತ್ತಿದ್ದ ಪಾಠದ್ದು. ಈ ಎರಡನೆಯ ಅರ್ಧವನ್ನು ಬಿಟ್ಟು ‘ತಂತ್ರಾಂಶ ಗೆದ್ದಿತು’ ಎಂದು ಬರೆದರೆ ಓದುಗರಿಗೆ ಅರ್ಧ ಸತ್ಯ ಕೊಟ್ಟಂತೆ.

ಅರ್ಧ ಸತ್ಯದ ಬೆಲೆ ಏನೆಂದು ನಮ್ಮ ಊರೇ ಕಂಡಿದೆ. ಬೆಂಗಳೂರಿನ ಬೈಜೂಸ್ 2022ರಲ್ಲಿ 22 ಬಿಲಿಯನ್ ಡಾಲರ್ ಮೌಲ್ಯದ ಕಂಪನಿ ಎನಿಸಿತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಏರಿದ್ದೂ ಇಳಿದದ್ದೂ ವಾಣಿಜ್ಯ ಪುಟದ ಸುದ್ದಿಯಾಯಿತು. ಅದರ ಪಾಠಗಳನ್ನು ಮುಂದಿಟ್ಟುಕೊಂಡು, ಗಣಿತ ಶಿಕ್ಷಕರೊಬ್ಬರ ಕಣ್ಣಿನಿಂದ ಒರೆಗೆ ಹಚ್ಚಿದ ವಿಮರ್ಶೆ ಸಾಕಷ್ಟು ಬಂದಿದ್ದರೆ, ಸಾಲ ಮಾಡಿ ಟ್ಯಾಬ್ ಕೊಂಡ ಎಷ್ಟೋ ತಂದೆತಾಯಂದಿರಿಗೆ ಕೊಳ್ಳುವ ಮೊದಲು ಓದಲು ಏನಾದರೂ ಇರುತ್ತಿತ್ತು. ಸಿನಿಮಾ ಬಿಡುಗಡೆಯಾದ ದಿನವೇ ವಿಮರ್ಶೆ ಬರೆಯುವ ನಾಡು ನಮ್ಮದು. ಮಕ್ಕಳ ಕೈಗೆ ಕೊಡುವ ಪಾಠಕ್ಕೆ ಆ ಗೌರವವನ್ನೂ ನಾವು ಕೊಟ್ಟಿಲ್ಲ.

ಕೊರೊನಾ ಕಾಲದ ಮಾತು ಬೇರೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ‘ವಿದ್ಯಾಗಮ’ದಲ್ಲಿ ಶಿಕ್ಷಕರು ದೇವಸ್ಥಾನದ ಕಟ್ಟೆ, ಸಮುದಾಯ ಭವನ, ಮರದ ನೆರಳು ಹುಡುಕಿಕೊಂಡು ಮಕ್ಕಳ ಬಳಿಗೇ ಹೋದರು. ಯಾವ ಮನೆಯಲ್ಲಿ ಇಂಟರ್ನೆಟ್ ಇರುವ ಮೊಬೈಲ್ ಇದೆ, ಯಾವ ಮನೆಯಲ್ಲಿ ಬರೀ ಫೋನಿದೆ, ಯಾವ ಮನೆಯಲ್ಲಿ ಏನೂ ಇಲ್ಲ ಎಂದು ಪಟ್ಟಿ ಮಾಡಿ ಮಕ್ಕಳನ್ನು ಗುಂಪು ಮಾಡಿದ್ದರು. ಯಂತ್ರ ಯಾರನ್ನು ಮುಟ್ಟುತ್ತದೆ, ಯಾರನ್ನು ಬಿಡುತ್ತದೆ ಎಂಬ ಇಷ್ಟು ನೇರವಾದ ತಿಳಿವಳಿಕೆ ನಮ್ಮ ಸಾವಿರಾರು ಶಿಕ್ಷಕರಿಗೆ ಏಕಕಾಲಕ್ಕೆ ಸಿಕ್ಕಿದ್ದು ಅದೇ ಮೊದಲು. ಅದರಲ್ಲಿ ಬಹುಪಾಲು ಬರಹವಾಗದೆ ಉಳಿದಿದೆ. ನನಗೆ ಅತಿ ಹೆಚ್ಚು ನೋವು ತರುವ ನಷ್ಟ ಇದು.

ಬರೆಯಲು ತೊಡಗುವವರು ಎಲ್ಲಿಂದ ತೊಡಗಬೇಕು? ಒಂದು ಪಾಠದಿಂದ. ನಿಮ್ಮ ತರಗತಿಯಲ್ಲೇ, ಒಂದು ಘಟಕವನ್ನು ವಿಡಿಯೊ ತೋರಿಸಿ ಮಾಡಿದಿರಿ ಎನ್ನಿ. ಮಕ್ಕಳು ಎಲ್ಲಿ ಪರದೆ ನೋಡುವುದು ಬಿಟ್ಟು ಪಕ್ಕದವರನ್ನು ನೋಡಿದರು, ಯಾವ ಪ್ರಶ್ನೆ ಕೇಳಿದರು, ಮರುದಿನ ಅವರ ನೋಟ್ಸಿನಲ್ಲಿ ಏನು ಉಳಿದಿತ್ತು ಎಂದು ಬರೆಯಿರಿ. ಕರೆಂಟ್ ಎಷ್ಟು ಹೊತ್ತಿಗೆ ಇರುತ್ತದೆ, ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ, ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ, ಕೆಟ್ಟರೆ ರಿಪೇರಿಗೆ ಹಣ ಯಾವ ಅನುದಾನದಿಂದ ಎಂಬುದೂ ವಿಮರ್ಶೆಯ ಭಾಗವೇ. ಕಳವಾದರೆ ತಾವೇ ತೆರಬೇಕಾದೀತು ಎಂಬ ಹೆದರಿಕೆಯಿಂದ ಮುಖ್ಯಶಿಕ್ಷಕರು ಟ್ಯಾಬುಗಳನ್ನು ಬೀರುವಿನಲ್ಲಿಟ್ಟಿದ್ದರೆ, ದಾಸ್ತಾನು ಪುಸ್ತಕವೂ ಪಾಠಯೋಜನೆಯಷ್ಟೇ ಮುಖ್ಯವಾದ ದಾಖಲೆ. ಉಪಕರಣ ಕೊಟ್ಟ ಕಂಪನಿಯಿಂದ ತರಬೇತಿಯನ್ನೋ ಪ್ರಯಾಣದ ಖರ್ಚನ್ನೋ ಪಡೆದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಮಕ್ಕಳ ಹೆಸರು, ಫೋಟೊ, ಅಂಕಗಳನ್ನು ಹಾಕಬೇಡಿ. ನಿಮ್ಮ ಬರಹಕ್ಕೆ ಒಪ್ಪಿಗೆ ಕೊಡುವ ವಯಸ್ಸು ಅವರದಲ್ಲ.

ಬರೆದದ್ದನ್ನು ಕಾಪಾಡುವುದೂ ಮುಖ್ಯ. ಸಿಡಿಗಳ ಕಾಲದ ಎಷ್ಟೋ ಆನಿಮೇಶನ್ ಪಾಠಗಳು ಫ್ಲ್ಯಾಶ್ ತಂತ್ರಾಂಶದಲ್ಲಿದ್ದವು. 2020ರ ಕೊನೆಗೆ ಅಡೋಬಿ ಅದನ್ನು ನಿಲ್ಲಿಸಿತು, ಪಾಠಗಳು ತೆರೆಯದಾದವು. ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಾಠಗಳು ಇಂದು ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಯುನಿಕೋಡಿನಲ್ಲೇ ಬರೆಯಿರಿ, ಒಂದು ಪ್ರತಿಯನ್ನು ಮುದ್ರಿಸಿ ಶಾಲೆಯ ಗ್ರಂಥಾಲಯದಲ್ಲೂ ಇಡಿ.

ಭಾಷೆ ಕನ್ನಡವೇ ಆಗಿರಲಿ ಎನ್ನುವುದು ಅಭಿಮಾನದ ಮಾತಲ್ಲ. ಈ ವಿಮರ್ಶೆ ಉಪಯೋಗಕ್ಕೆ ಬರುವುದು ಪಕ್ಕದ ತಾಲ್ಲೂಕಿನ ಶಿಕ್ಷಕರಿಗೆ, ಎಸ್‌ಡಿಎಂಸಿ ಸಭೆಯಲ್ಲಿ ಕೂತು ಸ್ಮಾರ್ಟ್ ಬೋರ್ಡ್ ಬೇಕೋ ಇನ್ನೊಬ್ಬ ಅತಿಥಿ ಶಿಕ್ಷಕರು ಬೇಕೋ ಎಂದು ನಿರ್ಧರಿಸುವ ತಾಯಂದಿರಿಗೆ. ಅವರು ಓದುವುದು ಕನ್ನಡದಲ್ಲಿ.

ಕೊನೆಯದಾಗಿ ಪತ್ರಿಕೆಗಳ ಸಂಪಾದಕರಲ್ಲಿ ಒಂದು ಕೋರಿಕೆ. ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯ ಸುದ್ದಿ ಹಾಕಿದ ದಿನವೇ, ಒಂದು ವರ್ಷದ ನಂತರದ ತಾರೀಖನ್ನು ನಿಮ್ಮ ಡೈರಿಯಲ್ಲಿ ಗುರುತಿಸಿಕೊಳ್ಳಿ. ಆ ದಿನ ಅದೇ ಶಾಲೆಯ ಶಿಕ್ಷಕರೊಬ್ಬರಿಂದ ಒಂದು ಲೇಖನ ಬರೆಸಿ, ಮೊದಲ ಸುದ್ದಿಗೆ ಕೊಟ್ಟಷ್ಟೇ ಜಾಗ ಕೊಟ್ಟು ಪ್ರಕಟಿಸಿ.