ಎಡಗೈಯ ಮಣಿ

ನರ್ತಕಿ ಜೇಜಮ್ಮನ ಹೆಸರಿನ ಜೊತೆಗೂ ನೃತ್ಯ ನಿರ್ದೇಶಕನಾಗಿ ಸಿನಿಮಾಕ್ಕೆ ಹೋದ ಸುಂದರ್ ಹೆಸರಿನ ಜೊತೆಗೂ ಅಂಟಿಕೊಂಡ ಊರು ಮೂಗೂರು. ಅಲ್ಲಿಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕಿಲ್ಲ: ಚಪ್ಪಾಳೆ ಗೆಜ್ಜೆಗೆ ಬೀಳುತ್ತದೆ, ಮೃದಂಗಕ್ಕಲ್ಲ.

ಪಾಶ್ಚಾತ್ಯರಲ್ಲೂ ಇದೇ ಕಥೆ. ಬೀಟಲ್ಸ್ ಅಂದರೆ ಲೆನನ್, ಮೆಕಾರ್ಟ್ನಿ. ಡ್ರಮ್ಸ್‌ನ ರಿಂಗೋ ಸ್ಟಾರ್ ಪಾಲಿಗೆ ನಗೆಚಾಟಿಕೆ. ನಮ್ಮಲ್ಲಿ ಆ ಅರವತ್ತರ ದಶಕದಲ್ಲೇ, 1964ರಲ್ಲಿ, ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಶುರುವಾಯಿತು. ಅದರ ಬೆನ್ನೆಲುಬು ಮೃದಂಗದ ಟಿ.ಎ.ಎಸ್. ಮಣಿ.

1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದ, ಈ ಕಾಲೇಜಿನ ತಂಡದ 'ಜ್ಯೋತಿ' ಆಲ್ಬಂ ಕೇಳಿ. ಚಾರ್ಲಿ ಮರಿಯಾನೋರ ಸ್ಯಾಕ್ಸೊಫೋನ್ ಮತ್ತು ಆರ್.ಎ. ರಮಾಮಣಿಯವರ ಕಂಠ ಮೊದಲು ಕಿವಿ ಹಿಡಿಯುತ್ತವೆ, ನ್ಯಾಯವೇ. ಎರಡನೇ ಸಲ ಮಣಿಯವರ ಎಡಗೈಗೆ ಕಿವಿ ಕೊಡಿ. ರವೆ ಕಲಸಿ ಹಚ್ಚಿದ ಮೃದಂಗದ ಎಡಮುಖದಿಂದ ಬರುವ ಗುಂಕಿ ಎಂಬ ಆಳದ ನಾದ ಹಾಡಿನ ಕೆಳಗೆ ನೆಲ ಹಾಸುತ್ತದೆ. ಬಲಗೈ ಬಲಮುಖದ ಕಪ್ಪು ಕರಣೆಯ ಮೇಲೆ ಎಷ್ಟು ಚುರುಕಾಗಿ ಓಡಿದರೂ ಎಡಗೈ ಅವಸರ ಮಾಡುವುದಿಲ್ಲ. ಘಟ, ಖಂಜಿರ, ಬಾಯಲ್ಲಿ ನುಡಿಸುವ ತಾಳದ ಕೊನ್ನಕ್ಕೋಲುಗಳು ಪೈಪೋಟಿಗಿಳಿಯುವಾಗಲೂ ಗಾಯಕಿಯ ಉಸಿರಿಗೆ ಜಾಗ ಇರುತ್ತದೆ. ಜಾಜ್ ಹಿನ್ನೆಲೆಯ ಮರಿಯಾನೋಗೆ ಇದು ಒಗ್ಗಿತು. ತಾಳದ ಲೆಕ್ಕ ಗೊತ್ತಿಲ್ಲದ ಕೇಳುಗನಿಗೂ ಎಲ್ಲಿ ಕಾಲೂರಬೇಕೆಂದು ಆ ಎಡಗೈ ತೋರಿಸುತ್ತದೆ.

ನನ್ನ ಮಟ್ಟಿಗೆ ತನಿಯಲ್ಲಿ, ಅಂದರೆ ಕಛೇರಿಯ ನಡುವೆ ತಾಳವಾದ್ಯ ಒಂಟಿಯಾಗಿ ನುಡಿಯುವ ಹೊತ್ತಿನಲ್ಲಿ, ಮಿಂಚುವುದಕ್ಕಿಂತ ಕಷ್ಟದ ಕೆಲಸ ಇದು. ತನಿಗೆ ಸಭೆ ಕಾಯುತ್ತದೆ (ಕೆಲವರು ಕಾಫಿಗೆ ಎದ್ದು ಹೋಗುವುದೂ ಆಗಲೇ, ಬಿಡಿ). ಹಾಡಿನ ನಡುವೆ ಒಂದು ಪೆಟ್ಟನ್ನು ಬಾರಿಸದೆ ಬಿಟ್ಟದ್ದಕ್ಕೆ ಭೇಷ್ ಎಂದವರನ್ನು ನಾನಂತೂ ಕಂಡಿಲ್ಲ.